ಪ್ಯಾಂಕ್ರಿಯಾಟೈಟಿಸ್ ಆಗಿ ಎದ್ದು ಬಂದ ಮೇಲೆ: ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ನನ್ನದೊಂದು ಖಡಕ್ ರೊಟ್ಟಿ ಅಂಗಡಿ ಇದೆ. ನಾಲ್ಕು ಜನ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ, ನಾನು ಎಣಿಸಿ ಕಟ್ಟಿ ಮಾರುತ್ತೇನೆ. ಮೂರು ವರ್ಷದ ಹಿಂದೆ ನನಗೆ ಸಿವಿಯರ್ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಗೆ ಒಮ್ಮೆಲೇ ಬರುವ ಜೋರು ಬಾವು, ಆಗಿತ್ತು. 52 ದಿನ ಆಸ್ಪತ್ರೆ, ಅದರಲ್ಲಿ 17 ದಿನ ಐಸಿಯು. ಅಲ್ಲಿಂದ ಈಚೆಗೆ ಪರಿಚಯದವರ ಮನೆಯಲ್ಲಿ ಯಾರಿಗೆ ಈ ಕಾಯಿಲೆ ಬಂದರೂ ನನಗೊಂದು ಫೋನ್ ಬರುತ್ತದೆ. ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ, ಡೋಸ್ ಎಲ್ಲ ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಡಿಸ್ಚಾರ್ಜ್ ಕಾಗದದಲ್ಲಿ ಬರೆಯದ ಸಂಗತಿ ಬಹಳ ಇವೆ.

ಇದು ಗ್ಯಾಸ್ಟ್ರಿಕ್ ಅಲ್ವಾ? ಗೊತ್ತಾಗೋದು ಹೇಗೆ?

ನಾನೂ ಗ್ಯಾಸ್ ಅಂತಲೇ ಅಂದುಕೊಂಡಿದ್ದೆ. ಮದುವೆ ಊಟ ಮಾಡಿ ಬಂದ ರಾತ್ರಿ ಎರಡು ಗಂಟೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಸೋಡಾ ಕುಡಿದೆ, ಅಜವಾನ ಜಗಿದೆ. ನೋವು ಸೀದಾ ಬೆನ್ನಿಗೆ ಇರಿಯಿತು. ಮಲಗಿದರೆ ಜಾಸ್ತಿ, ಮುಂದೆ ಬಾಗಿ ಕೂತರೆ ಸ್ವಲ್ಪ ಕಡಿಮೆ. ವಾಂತಿ ನಿಲ್ಲಲೇ ಇಲ್ಲ. ಬೆಳಗ್ಗೆ ಓಣಿಯಲ್ಲೇ ಒಂದು ಇಂಜೆಕ್ಷನ್ ಮಾಡಿಸಿಕೊಂಡು ಇಡೀ ದಿನ ಕಳೆದೆ. ಆ ಒಂದು ದಿನವನ್ನು ಇವತ್ತಿಗೂ ಲೆಕ್ಕ ಹಾಕುತ್ತೇನೆ.

ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿ, ಹೊಟ್ಟೆಯ ಹಿಂದೆ ಅಡ್ಡಡ್ಡ ಮಲಗಿರುತ್ತದೆ. ಸುಮಾರು 15 ಸೆಂಟಿಮೀಟರ್ ಉದ್ದ, ಅಷ್ಟೇ. ಊಟ ಅರಗಿಸುವ ರಸವೂ ಅದರದ್ದೇ, ಶುಗರ್ ಹಿಡಿದಿಡುವ ಇನ್ಸುಲಿನ್ನೂ ಅದರದ್ದೇ. ಆ ರಸ ಕರುಳಿಗೆ ಇಳಿದ ಮೇಲೆ ಚುರುಕಾಗಬೇಕು. ಈ ಕಾಯಿಲೆಯಲ್ಲಿ ಗ್ರಂಥಿಯ ಒಳಗೇ ಚುರುಕಾಗಿ, ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ಡಾಕ್ಟರು ಮೂರು ಸಂಗತಿ ನೋಡುತ್ತಾರೆ: ಇಂಥ ನೋವು, ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ (ಊಟ ಅರಗಿಸುವ ಎಂಜೈಮ್‌ಗಳು) ಮಾಮೂಲಿಗಿಂತ ಮೂರು ಪಟ್ಟು ಜಾಸ್ತಿ, ಸ್ಕ್ಯಾನ್‌ನಲ್ಲಿ ಬಾವು. ಮೂರರಲ್ಲಿ ಎರಡು ಕೂಡಿದರೆ ಪಕ್ಕಾ.

ಅಕ್ಕಾರ, ಸಿಟ್ಟಾಗಬ್ಯಾಡ್ರಿ… ನೀವು ಕುಡೀತಿದ್ರೇನು?

ಇಲ್ಲರೀ. ನನ್ನದು ಪಿತ್ತಕೋಶದ ಕಲ್ಲು. ಒಂದು ಸಣ್ಣ ಕಲ್ಲು ಜಾರಿ, ಪಿತ್ತದ ನಾಳ ಮತ್ತು ಪ್ಯಾಂಕ್ರಿಯಾಸ್ ನಾಳ ಎರಡೂ ಕೂಡಿ ಕರುಳಿಗೆ ತೆರೆಯುವ ಬಾಯಲ್ಲಿ ಸಿಕ್ಕಿಕೊಂಡಿತ್ತು. ದೊಡ್ಡ ಕಲ್ಲು ಇದ್ದಲ್ಲೇ ಕೂತಿರುತ್ತದೆ, ಜಾರಿ ಹೋಗಿ ಕೆಲಸ ಕೆಡಿಸುವುದು ಹೆಚ್ಚಾಗಿ ಸಣ್ಣವು. ಎರಡು ವರ್ಷ ಮೊದಲೇ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿತ್ತು. ನೋವು ಬಂದು ಹೋಗುತ್ತಿತ್ತು. ದೀಪಾವಳಿ ಆಗಲಿ, ಮಗಳ ಪರೀಕ್ಷೆ ಮುಗಿಯಲಿ ಅಂತ ಮುಂದಕ್ಕೆ ಹಾಕುತ್ತಾ ಬಂದಿದ್ದೆ.

ಕಲ್ಲು ಮತ್ತು ಸೆರೆ ಕುಡಿತ, ಇವೆರಡೇ ದೊಡ್ಡ ಕಾರಣ. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು 1000 ದಾಟಿದರೂ ಬರುತ್ತದೆ. ಕ್ಯಾಲ್ಸಿಯಂ ಏರಿದರೆ, ಕೆಲವು ಔಷಧಿಗಳಿಂದ, ಪಿತ್ತನಾಳಕ್ಕೆ ಎಂಡೋಸ್ಕೋಪಿ ಮಾಡಿದ ಮೇಲೂ ಬರುವುದುಂಟು. ಕೆಲವರಿಗೆ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ.

ಇನ್ನು ಕುಡಿಯುವವರಿಗೆ ಒಂದು ಮಾತು. ನನ್ನ ಪಕ್ಕದ ಬೆಡ್ಡಿನ ಹುಡುಗ ತಾಯಿ ಎದುರಿಗಿದ್ದಾಳೆ ಅಂತ ಡಾಕ್ಟರಿಗೆ ಸುಳ್ಳು ಹೇಳಿದ. ಮೂರನೇ ದಿನ ಕೈ ನಡುಗಿ, ಏನೇನೋ ಬಡಬಡಿಸಿ, ಸಲೈನ್ ಕಿತ್ತು ಎಸೆದ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ. ಮೊದಲೇ ಗೊತ್ತಿದ್ದರೆ ಅದಕ್ಕೂ ಔಷಧಿ ಇದೆ. ನಿಜ ಹೇಳಿ.

ಸಿವಿಯರ್ ಅಂದರೆ ಏನು? ನಮ್ಮ ಕಾಕಾ ಐದೇ ದಿನಕ್ಕೆ ಮನೆಗೆ ಬಂದರಲ್ಲ?

ಹತ್ತರಲ್ಲಿ ಎಂಟು ಜನರಿಗೆ ಇದು ಹಗುರವಾಗಿ ಬಂದು ಒಂದು ವಾರದಲ್ಲಿ ಹೋಗುತ್ತದೆ. ನಿಮ್ಮ ಕಾಕಾ ಆ ಎಂಟರಲ್ಲಿ ಒಬ್ಬರು. ಶ್ವಾಸಕೋಶ, ಕಿಡ್ನಿ, ರಕ್ತದ ಒತ್ತಡ ಇವುಗಳಲ್ಲಿ ಯಾವುದಾದರೂ ಕೈಕೊಟ್ಟು 48 ಗಂಟೆ ದಾಟಿದರೂ ಸುಧಾರಿಸದಿದ್ದರೆ ಅದನ್ನು ಸಿವಿಯರ್ ಅನ್ನುತ್ತಾರೆ. ನನಗೆ ಶ್ವಾಸಕೋಶ ಕೈಕೊಟ್ಟಿತ್ತು. ಕಾಕಾನ ಲೆಕ್ಕ ತಂದು ಇವರಿಗೆ ಹಚ್ಚಬೇಡಿ.

ಕೊಳೆತ ಭಾಗ ಒಳಗಿದೆ ಅಂತಾರೆ, ಆದರೆ ಆಪರೇಷನ್ ಮಾಡ್ತಿಲ್ಲ. ಮಿರಜ್‌ಗೆ ಒಯ್ಯೋಣೇನು?

ಫೋನಿನಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನನ್ನ ಯಜಮಾನರೂ ಆಸ್ಪತ್ರೆ ಕಾರಿಡಾರಿನಲ್ಲಿ ಇದೇ ಮಾತಿಗೆ ಜಗಳ ಆಡಿದ್ದರು. ನಮ್ಮ ಕಡೆ ಏನೇ ದೊಡ್ಡ ಕಾಯಿಲೆ ಅಂದರೂ ಮಿರಜ್, ಸೊಲ್ಲಾಪುರ, ಬೆಳಗಾವಿ ಅಂತ ಗಾಡಿ ಮಾಡಿಬಿಡುತ್ತೇವೆ.

ಗ್ರಂಥಿಯ ಸ್ವಲ್ಪ ಭಾಗಕ್ಕೆ ರಕ್ತ ಸಿಗದೆ ಸತ್ತು ಹೋಗುತ್ತದೆ. ಮೊದಲ ವಾರಗಳಲ್ಲಿ ಅದು ಕೆಸರಿನ ಹಾಗೆ. ಸತ್ತದ್ದು ಯಾವುದು, ಬದುಕಿದ್ದು ಯಾವುದು ಅಂತ ಕೈಗೆ ತಿಳಿಯುವುದಿಲ್ಲ. ಆಗ ಹೊಟ್ಟೆ ಕೊಯ್ದರೆ ರಕ್ತ ಹರಿದು ಪ್ರಾಣಕ್ಕೇ ಬರಬಹುದು. ಸುಮಾರು ನಾಲ್ಕು ವಾರಕ್ಕೆ ದೇಹವೇ ಅದರ ಸುತ್ತ ಒಂದು ಗೋಡೆ ಕಟ್ಟುತ್ತದೆ. ಅದಕ್ಕೇ ಡಾಕ್ಟರು ಕಾಯುತ್ತಾರೆ. ಸೋಂಕು ಆಗದಿದ್ದರೆ, ತೊಂದರೆಯೂ ಕೊಡದಿದ್ದರೆ ಎಷ್ಟೋ ಸಲ ಅದನ್ನು ಮುಟ್ಟುವುದೇ ಬೇಡ. ತಾನೇ ಕರಗುತ್ತದೆ.

ಸೋಂಕು ಆದರೆ ಮೊದಲು ಆಂಟಿಬಯಾಟಿಕ್, ಆಮೇಲೆ ಪಕ್ಕೆಯಿಂದ ಒಂದು ಪೈಪ್ ಹಾಕಿ ಕೀವು ಹರಿಸುವುದು, ಇಲ್ಲವೇ ಬಾಯಿಂದ ಎಂಡೋಸ್ಕೋಪಿ ಇಳಿಸಿ ಹೊಟ್ಟೆಯೊಳಕ್ಕೇ ದಾರಿ ಮಾಡುವುದು. ಅದೂ ಸಾಲದಿದ್ದರೆ ಮಾತ್ರ ಸತ್ತ ಭಾಗ ತೆಗೆಯುವುದು. ನೆದರ್‌ಲೆಂಡ್ಸ್‌ನ ಡಾಕ್ಟರುಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಹಂತ ಹಂತವಾಗಿ ಹೋದ ರೋಗಿಗಳಲ್ಲಿ ನೂರಕ್ಕೆ 35 ಮಂದಿಗೆ ಬರೀ ಪೈಪಿನಲ್ಲೇ ಕೆಲಸ ಮುಗಿದಿತ್ತು. ನನಗೂ ಅಷ್ಟರಲ್ಲೇ ಮುಗಿಯಿತು.

ಬೇರೆ ಊರಿಗೆ ಒಯ್ಯಬೇಕೇ ಅಂದರೆ, ಐಸಿಯು, ಸಿಟಿ ಸ್ಕ್ಯಾನ್, ಈ ಎಂಡೋಸ್ಕೋಪಿ ಮಾಡುವ ಡಾಕ್ಟರು, ಪೈಪ್ ಹಾಕುವವರು ಒಂದೇ ಕಡೆ ಇದ್ದಾರಾ ನೋಡಿ. ಇಲ್ಲವಾದರೆ ಒಯ್ಯಿರಿ. ಬರೀ "ಇನ್ನೂ ಆಪರೇಷನ್ ಮಾಡಿಲ್ಲ" ಅನ್ನುವ ಕಾರಣಕ್ಕೆ ಬೇಡ.

ಪೈಪ್ ಇಟ್ಟುಕೊಂಡೇ ಮನೆಗೆ ಕಳಿಸಿದ್ದಾರೆ. ಹೆದರಿಕೆ ಆಗ್ತದೆ.

ಆಗುತ್ತದೆ. ನಾನು ಐದು ವಾರ ಇಟ್ಟುಕೊಂಡಿದ್ದೆ. ಚೀಲವನ್ನು ಪರಕರದ ಲಾಡಿಗೆ ಕಟ್ಟಿಕೊಂಡು ಓಡಾಡುತ್ತಿದ್ದೆ. ದಿನಾ ಒಂದೇ ಹೊತ್ತಿಗೆ ಎಷ್ಟು ಎಂಎಲ್, ಯಾವ ಬಣ್ಣ ಅಂತ ಬರೆಯಿರಿ. ನಮ್ಮ ಮನೆಯಲ್ಲಿ ರೊಟ್ಟಿ ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆಯುತ್ತಿದ್ದೆವು: ಸೋಮವಾರ 120, ಕಂದು, ಮಂಗಳವಾರ 95, ಕಂದು. ಆ ರಸ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಪಟ್ಟಿ ಒದ್ದೆಯಾದರೆ ಬದಲಿಸಿ. ಕೆಂಪು ರಕ್ತ ಬಂತು, ಪೈಪ್ ಜಾರಿತು, ಹರಿಯುತ್ತಿದ್ದದ್ದು ಒಮ್ಮೆಲೇ ನಿಂತು ಜ್ವರ ಬಂತು ಅಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಡಿಸ್ಚಾರ್ಜ್ ಆಗಿ ತಿಂಗಳಾಯ್ತು. ಇನ್ನೂ ಆರಾಮ ಆಗಿಲ್ಲೇನು?

ಈ ಪ್ರಶ್ನೆಯನ್ನು ರೋಗಿ ಕೇಳುವುದಿಲ್ಲ, ನೋಡಲು ಬಂದವರು ಕೇಳುತ್ತಾರೆ. ಡಿಸ್ಚಾರ್ಜ್ ಅಂದರೆ ಇನ್ನು ಆಸ್ಪತ್ರೆಯ ಹಾಸಿಗೆ ಬೇಕಿಲ್ಲ ಅಂತ ಅರ್ಥ, ಅಷ್ಟೇ. ಮನೆಗೆ ಬಂದಾಗ ನನ್ನ ತೂಕ 19 ಕಿಲೋ ಇಳಿದಿತ್ತು. ಎರಡು ಆರು ಸೈಜಿನ ಬಳೆ ಹಾಕುತ್ತಿದ್ದವಳು. ಕೈ ಇಳಿಬಿಟ್ಟರೆ ಬಳೆ ಹಾಗೇ ಕಳಚಿ ನೆಲಕ್ಕೆ ಬೀಳುತ್ತಿದ್ದವು. ಅತ್ತೆ ಅವಕ್ಕೆ ದಾರ ಸುತ್ತಿ ನಿಲ್ಲಿಸಿದರು.

ಐಸಿಯುದಲ್ಲಿ ಮಲಗಿದಲ್ಲೇ ಸ್ನಾಯು ಕರಗುತ್ತದೆ. ನನ್ನ ಲೆಕ್ಕ ಹೇಳುತ್ತೇನೆ, ನಿಮ್ಮದು ಬೇರೆ ಇರಬಹುದು. ಮೊದಲ ತಿಂಗಳು ಮಂಚದಿಂದ ಬಚ್ಚಲಕ್ಕೆ. ಮೂರನೇ ತಿಂಗಳು ಓಣಿಯ ತುದಿಗೆ. ಐದನೇ ತಿಂಗಳು ಗೋಳಗುಮ್ಮಟದ ಆವರಣದಲ್ಲಿ ಬೆಳಗಿನ ವಾಕಿಂಗ್, ಎರಡು ಸಲ ಕೂತು ಎದ್ದು. ಆರು ತಿಂಗಳಿಗೆ ಅರ್ಧ ದಿನ ಅಂಗಡಿ. ಗುಮ್ಮಟದ ಗೋಪುರದ ಏಳು ಅಂತಸ್ತು ಹತ್ತಿದ್ದು ಒಂದೂವರೆ ವರ್ಷದ ಮೇಲೆ, ಅದೂ ಪ್ರತಿ ಅಂತಸ್ತಿನ ಕಿಟಕಿಯಲ್ಲಿ ನಿಂತು. ಹಿಂದೆ ಶಾಲೆ ಮಕ್ಕಳು "ಸರೀರಿ ಅಜ್ಜಿ" ಅಂದವು. ನನಗೆ ಆಗ 44.

ಒಂದು ದಿನ ಚೆನ್ನಾಗಿದ್ದು ಮರುದಿನ ಏಳಲಿಕ್ಕೇ ಆಗದಿದ್ದರೆ ಗಾಬರಿ ಬೇಡ. ಚೆನ್ನಾಗಿದ್ದ ದಿನ ಎಲ್ಲ ಕೆಲಸ ಮೈಮೇಲೆ ಹಾಕಿಕೊಳ್ಳುವುದೇ ಅದಕ್ಕೆ ಕಾರಣ. ನಾನೂ ಮಾಡಿದೆ.

ಏನು ತಿನ್ನಬೇಕು? ಎಣ್ಣೆ ಪೂರ್ತಿ ಬಿಡಬೇಕಾ?

ಶುರುವಿನಲ್ಲಿ ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು, ಜೋಳದ ನುಚ್ಚು, ಕೆನೆ ತೆಗೆದ ಮಜ್ಜಿಗೆ. ಮೂರು ದೊಡ್ಡ ಊಟ ಬಿಟ್ಟು ಆರು ಸಣ್ಣ ಊಟ. ನನ್ನ ಮೊದಲ ರೊಟ್ಟಿ ಒಂದು ತುಣುಕು, ಮಜ್ಜಿಗೆಯಲ್ಲಿ ನೆನೆಸಿದ್ದು. ರೊಟ್ಟಿ ಮಾರುವವಳು ನಾನು, ಆ ಒಂದು ತುಣುಕಿಗೆ ಹತ್ತು ನಿಮಿಷ ಹಿಡಿಯಿತು.

ನಮ್ಮ ಜೋಳದ ರೊಟ್ಟಿಯಲ್ಲಿ ಎಣ್ಣೆ ಇಲ್ಲ, ತೊಂದರೆ ಇರುವುದು ಅದರ ಪಕ್ಕದಲ್ಲಿ. 100 ಗ್ರಾಂ ಶೇಂಗಾದಲ್ಲಿ ಹತ್ತಿರ ಹತ್ತಿರ 50 ಗ್ರಾಂ ಎಣ್ಣೆಯೇ. ಶೇಂಗಾ ಹಿಂಡಿ, ಅದರ ಮೇಲೆ ಎಣ್ಣೆ, ಪಕ್ಕಕ್ಕೆ ಎಣ್ಣೆಗಾಯಿ. ಒಂದು ತಾಟಿನಲ್ಲಿ ಎಷ್ಟು ಕೂಡಿತು ನೋಡಿ. ಗುರೆಳ್ಳು, ಅಗಸಿಯೂ ಎಣ್ಣೆಕಾಳೇ. ಸಂಜೆಯ ಮಿರ್ಚಿ ಭಜಿ, ಬೆಳಗಾವಿ ಕುಂದಾ, ಅಮೀನಗಡದ ಕರದಂಟು ಸದ್ಯಕ್ಕೆ ದೂರ. ಖಾರದ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಹೊಟ್ಟೆ ಉರಿದರೆ ಬಿಡಿ, ಅದಕ್ಕಿಂತ ಎಣ್ಣೆಯ ಮೇಲೆ ಕಣ್ಣಿಡಿ.

ಆದರೆ ಜನ ಇನ್ನೊಂದು ತುದಿಗೂ ಹೋಗುತ್ತಾರೆ. ವರ್ಷಗಟ್ಟಲೆ ಬರೀ ಗಂಜಿ ಕುಡಿದು ಕಡ್ಡಿಯಾಗುತ್ತಾರೆ. ಬಾವು ಇಳಿದ ಮೇಲೆ ಮೈಗೆ ಶಕ್ತಿ ಬೇಕು, ಪ್ರೋಟೀನ್ ಬೇಕು: ಬೇಳೆ, ಮೊಸರು, ಮೊಟ್ಟೆ, ತಿನ್ನುವವರಿಗೆ ಚರ್ಮ ತೆಗೆದ ಕೋಳಿ. ಎಣ್ಣೆಯನ್ನು ಚಮಚದಲ್ಲಿ ಅಳೆದು ನಿಧಾನ ಏರಿಸಿ. ಅರಗದಿದ್ದರೆ ಎಣ್ಣೆ ಪೂರ್ತಿ ಬಿಡುವುದಲ್ಲ, ಕೆಳಗೆ ಹೇಳಿದ ಕ್ಯಾಪ್ಸೂಲ್ ಕೇಳುವುದು.

ಉಪವಾಸ ಮಾಡಬಹುದಾ?

ಮೊದಲ ವರ್ಷ ಬೇಡ. ಡಾಕ್ಟರನ್ನು ಕೇಳದೆ ರೋಜಾ ಹಿಡಿಯುವುದೂ ಬೇಡ, ಶುಗರ್ ಔಷಧಿ ಇದ್ದರಂತೂ ಬೇಡವೇ ಬೇಡ. ಇನ್ನು ನಮ್ಮ ಶ್ರಾವಣ ಸೋಮವಾರದ ಉಪವಾಸ ಇದೆಯಲ್ಲ, ಹಗಲೆಲ್ಲ ಖಾಲಿ ಹೊಟ್ಟೆ, ಆಮೇಲೆ ಶೇಂಗಾ ಪುಡಿ ಸುರಿದ ಸಾಬೂದಾಣಿ ಖಿಚಡಿ. ಅದು ಉಪವಾಸವೋ ಹಬ್ಬವೋ!

ಹೇಳಲಿಕ್ಕೆ ನಾಚಿಕೆ… ಸಂಡಾಸದ ತೊಂದರೆ ಇದೆ.

ನಾಚಿಕೆ ಬೇಡ, ಇದೇ ಮುಖ್ಯ. ಮಲ ಜಿಡ್ಡು ಜಿಡ್ಡು, ಬೂದು ಹಳದಿ, ತೇಲುತ್ತದೆ, ಕೆಟ್ಟ ವಾಸನೆ, ಎರಡು ಬಕೆಟ್ ನೀರು ಸುರಿದರೂ ಕಮೋಡಿಗೆ ಅಂಟಿಕೊಂಡಿರುತ್ತದೆ. ಹೊಟ್ಟೆ ಉಬ್ಬರ. ಎಷ್ಟು ತಿಂದರೂ ತೂಕ ಏರುವುದಿಲ್ಲ. ತಿಂದ ಕೊಬ್ಬು ಅರಗದೆ ಹಾಗೇ ಹೊರಗೆ ಹೋಗುತ್ತಿದೆ ಅಂತ ಅರ್ಥ. ಗ್ರಂಥಿ ಜಾಸ್ತಿ ಹಾಳಾದವರಿಗೆ ಇದು ಜಾಸ್ತಿ.

ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಐದು ತಿಂಗಳು ಜಂತುಹುಳದ ಔಷಧಿ, ಟಾನಿಕ್, ಮನೆಮದ್ದು ನುಂಗಿದೆ. ಫಾಲೋಅಪ್‌ಗೆ ಹೋದರೆ ಸ್ಕ್ಯಾನ್ ನೋಡಿ "ಚೆನ್ನಾಗಿದೆ" ಅಂತ ಎರಡು ನಿಮಿಷದಲ್ಲಿ ಕಳಿಸುತ್ತಿದ್ದರು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೊನೆಗೆ ಬೇರೆ ಕಡೆ ಒಬ್ಬ ಲೇಡಿ ಡಾಕ್ಟರ್ "ನೀರು ಹಾಕಿದರೆ ಹೋಗ್ತದೇನ್ರಿ?" ಅಂತ ಕೇಳಿದರು. ಆ ಒಂದು ಪ್ರಶ್ನೆಯಿಂದ ಎಲ್ಲ ಬದಲಾಯಿತು.

ಮಲದಲ್ಲಿ ಇಲಾಸ್ಟೇಸ್ ಅಂತ ಒಂದು ಟೆಸ್ಟ್ ಇದೆ, ಅದು ಈ ಗ್ರಂಥಿಯದ್ದೇ ಒಂದು ಎಂಜೈಮ್. 200ಕ್ಕಿಂತ ಕಡಿಮೆ ಬಂದರೆ ಸಂಶಯ, 100ಕ್ಕಿಂತ ಕಡಿಮೆ ಆದರೆ ಜೋರು. ಅದಕ್ಕೆ ಪ್ಯಾಂಕ್ರಿಯಾಟಿನ್, ಅಂದರೆ ಊಟ ಅರಗಿಸುವ ಎಂಜೈಮ್ ತುಂಬಿದ ಕ್ಯಾಪ್ಸೂಲ್ ಕೊಡುತ್ತಾರೆ. 10,000, 25,000 ಅಂತ ಮೇಲೆ ಬರೆದಿರುತ್ತದೆ. ನಾನು ದೊಡ್ಡ ಊಟಕ್ಕೆ 25,000ದ್ದು ಎರಡು, ಚುರಮರಿ ತಿಂಡಿಗೆ ಒಂದು ತೆಗೆದುಕೊಳ್ಳುತ್ತೇನೆ. ಮೊದಲ ತುತ್ತಿನ ಜೊತೆ ಒಂದು, ನಡುವೆ ಇನ್ನೊಂದು. ಊಟಕ್ಕೆ ಅರ್ಧ ತಾಸು ಮೊದಲೂ ಅಲ್ಲ, ಕೈ ತೊಳೆದ ಮೇಲೂ ಅಲ್ಲ. ಕ್ಯಾಪ್ಸೂಲಿಗೂ ಊಟಕ್ಕೂ ಹೊಟ್ಟೆಯಲ್ಲಿ ಭೇಟಿ ಆಗಬೇಕು, ಇಲ್ಲದಿದ್ದರೆ ರೊಕ್ಕ ದಂಡ. ಜಗಿಯಬೇಡಿ. ಬಿಸಿ ಅನ್ನಕ್ಕೆ ಬೆರೆಸಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಒಲೆ ಪಕ್ಕ, ಗಾಡಿ ಡಿಕ್ಕಿಯಲ್ಲಿ ಇಟ್ಟರೆ ಒಳಗಿನ ಎಂಜೈಮ್ ಸಾಯುತ್ತದೆ. ಔಷಧಿ ಅಂಗಡಿಯ ಮಾಮೂಲಿ ಅಜೀರ್ಣದ ಟಾನಿಕ್ ಇದಕ್ಕೆ ಬದಲಿ ಅಲ್ಲ.

ಜೊತೆಗೆ ಎ, ಡಿ, ಇ, ಕೆ ವಿಟಮಿನ್ ಕೊಬ್ಬಿನಲ್ಲೇ ಕರಗುವಂಥವು, ಅವೂ ಕಡಿಮೆ ಆಗಿರುತ್ತವೆ. ಕೇಳಿ ಚೆಕ್ ಮಾಡಿಸಿ.

ಆ ಕ್ಯಾಪ್ಸೂಲ್ ಹಂದಿಯದಂತೆ, ಹೌದಾ?

ಹೌದು, ಹಂದಿಯ ಪ್ಯಾಂಕ್ರಿಯಾಸ್‌ನಿಂದ ಮಾಡುತ್ತಾರೆ. ಇದನ್ನು ಮುಚ್ಚಿಟ್ಟು ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ. ನಾನು ಈರುಳ್ಳಿ ಬೆಳ್ಳುಳ್ಳಿ ಬಿಟ್ಟರೆ ಬೇರೇನೂ ಘಾಟು ಅರಿಯದ ಮನೆಯವಳು. ಎರಡು ದಿನ ಬಾಟಲಿ ಮುಟ್ಟಲಿಲ್ಲ. ಅತ್ತೆಯೇ ಕೂತು ಹೇಳಿದರು: "ಇದು ಊಟ ಅಲ್ಲ, ಔಷಧ. ನುಂಗು." ನಮ್ಮ ಅಂಗಡಿಗೆ ಬರುವ ಒಬ್ಬ ಮುಸ್ಲಿಂ ಅಣ್ಣಾ ತಮ್ಮ ಮೌಲಾನಾರನ್ನು ಕೇಳಿ, ಒಪ್ಪಿಗೆ ಪಡೆದು ಶುರು ಮಾಡಿದರು. ನಿಮ್ಮ ಡಾಕ್ಟರು, ನಿಮ್ಮ ಹಿರಿಯರು, ಇಬ್ಬರ ಹತ್ತಿರವೂ ಬಾಯಿ ಬಿಟ್ಟು ಮಾತಾಡಿ. ಸುಮ್ನೆ ನಿಲ್ಲಿಸಿಬಿಡಬೇಡಿ.

ಶುಗರ್ ಬರ್ತದಾ?

ಬರಬಹುದು. ಸುಮಾರು ಐದರಲ್ಲಿ ಒಬ್ಬರಿಗೆ ಬರುತ್ತದೆ, ಕೆಲವರಿಗೆ ವರ್ಷಗಳ ನಂತರ. ಮೂರು ತಿಂಗಳಾದ ಮೇಲೆ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. 5.7ರಿಂದ 6.4 ಗಡಿ, 6.5 ಮತ್ತು ಮೇಲೆ ಶುಗರ್. ನಾನು ಈಗ ಗಡಿಯಲ್ಲಿ ಕೂತಿದ್ದೇನೆ.

ಇದು ಎಲ್ಲರ ಮನೆಯಲ್ಲಿರುವ ಶುಗರ್‌ನಂತೆ ಅಲ್ಲ. ಶುಗರ್ ಇಳಿದಾಗ ಅದನ್ನು ಏರಿಸುವ ಹಾರ್ಮೋನ್ ಕೂಡ ಇದೇ ಗ್ರಂಥಿಯದ್ದು. ಹಾಗಾಗಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಮ್ಮೆಲೇ ಇಳಿಯುವ ಅಪಾಯ ಜಾಸ್ತಿ. ಬೆವರು, ನಡುಕ ಬಂದು ಶುಗರ್ 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಹೊಸ ಶುಗರ್ ಡಾಕ್ಟರ ಹತ್ತಿರ ಹೋದರೆ "ನನಗೆ ಪ್ಯಾಂಕ್ರಿಯಾಟೈಟಿಸ್ ಆಗಿತ್ತು" ಅಂತ ಮೊದಲ ಮಾತಿಗೇ ಹೇಳಿ. ಕೆಲವು ಶುಗರ್ ಔಷಧಿಗಳನ್ನು ನಮ್ಮಂಥವರಿಗೆ ಕೊಡುವುದಿಲ್ಲ.

ಪಿತ್ತಕೋಶ ತೆಗೆಸಲೇಬೇಕಾ?

ಕಲ್ಲಿನಿಂದ ಬಂದಿದ್ದರೆ ಹೌದು. ಹಗುರವಾಗಿ ಬಂದವರಿಗೆ ಅದೇ ಅಡ್ಮಿಶನ್‌ನಲ್ಲಿ ತೆಗೆಯುವುದು ಒಳ್ಳೆಯದು. ನಮ್ಮಂಥವರಿಗೆ ಒಳಗಿನ ನೀರು, ಬಾವು ಇಳಿಯುವ ತನಕ ಕಾಯುತ್ತಾರೆ. ಕಾಯುವುದು ಅಂದರೆ ಮರೆಯುವುದಲ್ಲ. ನೋವಿಲ್ಲ ಅಂತ ಬಿಟ್ಟವರು ಎರಡನೇ ಸಲ ಅಡ್ಮಿಟ್ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. ತಾರೀಖು ಬರೆಸಿಕೊಂಡೇ ಬನ್ನಿ. ಎಂಡೋಸ್ಕೋಪಿಯಲ್ಲಿ ಸ್ಟೆಂಟ್ (ಒಳಗೆ ಇಡುವ ಸಣ್ಣ ನಳಿಗೆ) ಹಾಕಿದ್ದರೆ ಅದನ್ನು ತೆಗೆಯುವ ತಾರೀಖೂ ಸಹ.

ಹಬ್ಬಕ್ಕೆ ಒಂದು ಪೆಗ್?

ಇಲ್ಲ. ಕಾರಣ ಕಲ್ಲೇ ಆಗಿದ್ದರೂ ಇಲ್ಲ. ಬೀಡಿ, ಸಿಗರೇಟೂ ಇಲ್ಲ, ಅದೂ ಈ ಗ್ರಂಥಿಗೆ ನೇರ ಶತ್ರು.

ಮತ್ತೆ ನೋವು ಬಂದರೆ?

ಸಣ್ಣ ಚುಚ್ಚು ಎಲ್ಲರಿಗೂ ಬರುತ್ತದೆ. ಓಡಬೇಕಾದದ್ದು ಯಾವಾಗ ಅಂದರೆ: ಮೊದಲಿನಂಥದ್ದೇ ನೋವು ವಾಂತಿ ಜೊತೆ, ಚಳಿ ಜ್ವರ, ಕಣ್ಣು ಹಳದಿ, ಉಸಿರು ಕಟ್ಟುವುದು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ ಮೇಲ್ಭಾಗ ಉಬ್ಬಿದ್ದರೆ ನೀರಿನ ಗಂಟು ಇರಬಹುದು, ಸ್ಕ್ಯಾನ್ ಮಾಡಿಸಿ. ರಕ್ತ ವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ ಕಂಡರೆ ಆ ಕ್ಷಣವೇ 108ಕ್ಕೆ ಫೋನ್. ಗ್ರಂಥಿಯ ಪಕ್ಕದ ರಕ್ತನಾಳ ಒಡೆದಿರಬಹುದು. ಹಳೆಯ ಫೈಲ್ ಬಾಗಿಲ ಹಿಂದೆ ಮೊಳೆಗೆ ತೂಗು ಹಾಕಿಡಿ.

ಕೂದಲು ಗುಡ್ಡೆ ಗುಡ್ಡೆ ಉದುರ್ತಿದೆ!

ದೊಡ್ಡ ಕಾಯಿಲೆ ಆಗಿ ಎರಡು ಮೂರು ತಿಂಗಳಿಗೆ ಉದುರುತ್ತದೆ. ಮತ್ತೆ ಬರುತ್ತದೆ. ನನಗೆ ಬಂದಿದೆ, ಮೊದಲಿಗಿಂತ ಗುಂಗುರು.

ರಾತ್ರಿ ಕೆಟ್ಟ ಕನಸು, ಸುಮ್ ಸುಮ್ನೆ ಅಳು. ಹುಚ್ಚು ಹಿಡಿದಿದೆಯಾ?

ಇಲ್ಲ. ಐಸಿಯುದಲ್ಲಿ ನನಗೆ ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತಿತ್ತು. ನರ್ಸ್‌ಗಳು ನನ್ನನ್ನು ರೈಲಿಗೆ ಹಾಕಿ ಸೊಲ್ಲಾಪುರಕ್ಕೆ ಕಳಿಸುತ್ತಿದ್ದಾರೆ ಅಂತ ಕಿರುಚಿದ್ದೆನಂತೆ. ಮನೆಗೆ ಬಂದ ಮೇಲೂ ಮಿಕ್ಸರ್ ಸದ್ದಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಐಸಿಯುದಿಂದ ಬಂದ ಬಹಳ ಮಂದಿಗೆ ಹೀಗಾಗುತ್ತದೆ, ಅದು ಕಾಯಿಲೆಯದ್ದೇ ಒಂದು ಬಾಲ. ಎರಡು ಮೂರು ವಾರ ಆದರೂ ಕಡಿಮೆ ಆಗದಿದ್ದರೆ ಡಾಕ್ಟರಿಗೆ ಹೇಳಿ. 14416 ಟೆಲಿ ಮಾನಸ್ ಸಹಾಯವಾಣಿ, ರೊಕ್ಕ ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಯಜಮಾನರಿಗೂ ಬೇಕಾಗಿತ್ತು, ಅವರು ಫೋನ್ ಮಾಡಲಿಲ್ಲ. ಐಸಿಯು ಹೊರಗೆ 17 ರಾತ್ರಿ ಬೆಂಚಿನ ಮೇಲೆ ಮಲಗಿದವರ ಮನಸ್ಸನ್ನು ಯಾರೂ ಕೇಳುವುದಿಲ್ಲ.

ಖರ್ಚು?

ಕೇಳಬೇಡಿ ಅನ್ನುವಷ್ಟು. ಮೊದಲ ದಿನವೇ ರೇಷನ್ ಕಾರ್ಡ್, ಆಧಾರ್ ತರಿಸಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು, 1.5 ಲಕ್ಷದ ತನಕ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮಹಾರಾಷ್ಟ್ರದ ಕಡೆ ಒಯ್ಯುವುದಾದರೆ ನಮ್ಮ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಫೋನ್ ಮಾಡಿ ಕೇಳಿಯೇ ಗಾಡಿ ಹತ್ತಿ.

ನೋಡಲು ಬರುವವರು ಏನು ತರಬೇಕು?

ಕರದಂಟು ತರಬೇಡಿ. ನಮ್ಮ ಮನೆಗೆ ನಾಲ್ಕು ಡಬ್ಬಿ ಬಂದಿತ್ತು, ಒಂದೂ ನನಗೆ ಸಿಗಲಿಲ್ಲ. ಎಂಟು ಜನ ಕೂಡಿ ಬಂದು ಮಂಚದ ಸುತ್ತ ಕೂತು, ಇದೇ ಕಾಯಿಲೆಯಲ್ಲಿ ಯಾರು ತೀರಿಕೊಂಡರು ಅಂತ ಹೇಳಬೇಡಿ. ಒಬ್ಬರೇ ಬನ್ನಿ. ಬರುವಾಗ ಒಂದು ಡಬ್ಬಿ ಪಲ್ಯ ಮಾಡಿಕೊಂಡು ಬನ್ನಿ, ಎಣ್ಣೆ ಒಂದೇ ಚಮಚ. ಎರಡು ತಾಸು ರೋಗಿಯ ಹತ್ತಿರ ಕೂತು, ಮನೆಯವರಿಗೆ "ಹೋಗಿ ಮಲಕ್ಕೊಳ್ರಿ" ಅನ್ನಿ.